ಹೆಂಚು ಇಳಿಸಿದ ಮೇಲೆ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಸುಮಾರು 35 ಕಿ.ಮೀ. ದೂರ. ಬಸ್ಸಿನಲ್ಲಿ ಕುಳಿತರೆ ಒಂದು ಗಂಟೆಯ ದಾರಿ. ಈ ಪುಟ್ಟ ದಾರಿಯ ಎರಡು ತುದಿಗೂ ಒಂದು ಸಾಮ್ಯ ಇದೆ. ಎರಡೂ ಕಡೆ ತಂದೆಯ ನೆನಪಿಗೆ ಮಗ ಕಟ್ಟಿಸಿದ ಗುಡಿಯಿದೆ.

ಚಾಮರಾಜನಗರದ ಹಿಂದಿನ ಹೆಸರು ಅರಿಕುಠಾರ. ಖಾಸಾ ಚಾಮರಾಜ ಒಡೆಯರು 1774ರಲ್ಲಿ ಹುಟ್ಟಿದ್ದು ಇಲ್ಲಿಯೇ. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ತಂದೆಯ ಹೆಸರನ್ನಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದರು. ತಂದೆ ಹುಟ್ಟಿದ ಜಾಗದ ಗುರುತಿಗೆ ಇಂದಿಗೂ ಜನನ ಮಂಟಪ ನಿಂತಿದೆ. ದಾರಿಯ ಇನ್ನೊಂದು ತುದಿಯ ಗುಂಡ್ಲುಪೇಟೆಗೆ ಹಿಂದೆ ವಿಜಯಪುರವೆಂಬ ಹೆಸರು. ಅಲ್ಲಿ 17ನೇ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರು ತೀರಿಹೋದ ತಮ್ಮ ತಂದೆಯ ನೆನಪಿಗೆ ಪರವಾಸುದೇವರ ಗುಡಿ ಕಟ್ಟಿಸಿದರು. ಒಂದು ಕಡೆ ತಂದೆಯ ಹುಟ್ಟು, ಇನ್ನೊಂದು ಕಡೆ ತಂದೆಯ ಸಾವು. ಚಾಮರಾಜೇಶ್ವರನಿಗೆ ಪೂಜೆ, ಜಾತ್ರೆ, ಆಷಾಢದ ತೇರು ಎಲ್ಲವೂ ನಡೆದುಬಂದವು. ಪರವಾಸುದೇವರ ಗುಡಿ ಮಾತ್ರ ದಶಕಗಳ ಕಾಲ ಪಾಳುಬಿದ್ದು, ಗಿಡಗಂಟಿಗಳ ನಡುವೆ ನಿಂತಿತ್ತು. ಕಟ್ಟಿಸಿದವರಿಬ್ಬರೂ ಅರಸರೇ, ಎರಡೂ ಕಲ್ಲಿನ ಕಟ್ಟಡಗಳೇ. ವ್ಯತ್ಯಾಸವಾದದ್ದು ಕಟ್ಟಿದ ಮೇಲೆ ವರ್ಷವರ್ಷವೂ ಮಾಡಬೇಕಾದ ಖರ್ಚಿನಲ್ಲಿ.

ನಾನು ಅರಸನಲ್ಲ, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಚಾಮರಾಜನಗರದಲ್ಲಿ ಪಾಠ ಹೇಳುತ್ತೇನೆ. ತೆರಕಣಾಂಬಿಗೆ ಸ್ವಲ್ಪ ಮೊದಲೇ ಬಸ್ಸಿಳಿದು, ಒಳದಾರಿಯಲ್ಲಿ ಒಂದೂವರೆ ಕಿ.ಮೀ. ನಡೆದರೆ ನಮ್ಮೂರು. ಅಲ್ಲಿ ತಾತ ಕಟ್ಟಿಸಿದ ತೊಟ್ಟಿಮನೆ ಇದೆ. ಬಾಗಿಲವಾಡದ ಮೇಲೆ 1938 ಎಂದು ಕೊರೆದಿದೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮಂಗಳೂರು ಹೆಂಚು, ನಡುವೆ ಬಿಸಿಲು ಮಳೆ ಎರಡೂ ಇಳಿಯುವ ತೊಟ್ಟಿ. ಅವ್ವ ಆ ಮನೆಯನ್ನು ಬಿಟ್ಟು ಬರುವುದಿಲ್ಲ. ಮಳೆಗಾಲಕ್ಕೊಮ್ಮೆ ಮನೆಯೇ ಅವಳನ್ನು ಬಿಡುವ ಹಾಗೆ ಕಾಣುತ್ತಿತ್ತು.

ಕಳೆದ ವರ್ಷ, ಅಂದರೆ 2025ರ ಆರಂಭದಲ್ಲಿ, ಏನಾದರೊಂದು ತೀರ್ಮಾನ ಮಾಡಲೇಬೇಕಾಯಿತು. ತಮ್ಮನ ವಾದ ಸರಳವಾಗಿತ್ತು: ಕೆಡವಿ ಆರ್‌ಸಿಸಿ ಮನೆ ಕಟ್ಟೋಣ. ಆದರೆ ಈಗ ಚದರಕ್ಕೆ ಎರಡು ಲಕ್ಷದ ಮೇಲೆ ಕೇಳುತ್ತಾರೆ. ಹತ್ತು ಚದರದ ಮನೆಯೆಂದರೆ ಇಪ್ಪತ್ತು ಲಕ್ಷ. ಅದೇ ವರ್ಷ ನನ್ನ ಮಗಳು ದ್ವಿತೀಯ ಪಿಯುಸಿ ಮುಗಿಸಿ ಸಿಇಟಿ ಬರೆಯುವವಳಿದ್ದಳು. ಅವಳ ಓದಿಗೆಂದು ಬ್ಯಾಂಕಿನಲ್ಲಿ ಮೂರು ಲಕ್ಷ ಇಟ್ಟಿದ್ದೆ. ಆ ಹಣವನ್ನು ಮುಟ್ಟಬಾರದು, ಅವ್ವನನ್ನು ಸೋರುವ ಸೂರಿನ ಕೆಳಗೆ ಬಿಡಬಾರದು. ಈ ಎರಡು ಗೆರೆಗಳ ನಡುವೆ ಲೆಕ್ಕ ಬಿಡಿಸಬೇಕಿತ್ತು. ಕೆಡವುವುದು ಬೇಡ, ದುರಸ್ತಿ ಮಾಡಿಸೋಣ ಎಂದು ನಿಂತದ್ದು ಹಾಗೆ. ಇದರಲ್ಲಿ ಪರಂಪರೆಯ ಮೋಹವೂ ಇರಬಹುದು. ಆದರೆ ಮೊದಲನೆಯದು ಹಣದ ಮಾತೇ.

ತೆರಕಣಾಂಬಿಯ ಕಡೆಯ ಹಿರಿಯ ಮೇಸ್ತ್ರಿಯೊಬ್ಬರು ಸಿಕ್ಕಿದರು. ಎಪ್ಪತ್ತು ದಾಟಿದವರು. ಗಾರೆ ಕೆಲಸ ಬಲ್ಲವರು ಸುತ್ತಮುತ್ತ ಈಗ ಬೆರಳೆಣಿಕೆಯಷ್ಟು ಜನ. ಅವರು ಮನೆಯನ್ನು ಎರಡು ಸುತ್ತು ಸುತ್ತಿ ಕೊಟ್ಟ ಅಂದಾಜು ಹೀಗಿತ್ತು: ಹೆಂಚು ಇಳಿಸಿ, ರೀಪರು ಬದಲಿಸಿ, ಮತ್ತೆ ಏರಿಸುವುದಕ್ಕೆ 1,30,000. ಗೋಡೆಗೆ 90,000. ನೆಲಕ್ಕೆ 80,000. ವೈರಿಂಗಿಗೆ 45,000. ಹೊಸ ಸ್ನಾನದ ಮನೆ, ಶೌಚಾಲಯಕ್ಕೆ 75,000. ಒಟ್ಟು 4,20,000 ರೂಪಾಯಿ. ಹೇಳಿದ ಮೇಲೆ ಅವರೇ ಸೇರಿಸಿದರು: ‘ಇದು ಕಣ್ಣಿಗೆ ಕಾಣೋದರ ಲೆಕ್ಕ ಮೇಷ್ಟ್ರೇ. ಹೆಂಚು ಇಳಿಸಿದ ಮೇಲೆ ಇನ್ನೊಂದು ಲೆಕ್ಕ ಬರುತ್ತೆ.’

ಹೊಸ ಮನೆಯ ಅಂದಾಜಿಗೂ ಹಳೆಯ ಮನೆಯ ಅಂದಾಜಿಗೂ ಇರುವ ವ್ಯತ್ಯಾಸ ಇದೇ. ಹೊಸ ಮನೆಯಲ್ಲಿ ಇಟ್ಟಿಗೆ ಎಷ್ಟು, ಕಬ್ಬಿಣ ಎಷ್ಟು ಎಂದು ಕಾಗದದ ಮೇಲೆ ಎಣಿಸಬಹುದು. ಹಳೆಯ ಮನೆಯಲ್ಲಿ ಎಣಿಸಬೇಕಾದ ವಸ್ತು ಗೋಡೆಯ ಒಳಗೆ, ಹೆಂಚಿನ ಕೆಳಗೆ, ನೆಲದ ಅಡಿಯಲ್ಲಿ ಕುಳಿತಿರುತ್ತದೆ. ಹೊಟ್ಟೆನೋವೆಂದು ಬಂದವನನ್ನು ಮುಟ್ಟಿ ನೋಡುವ ಡಾಕ್ಟರು ಒಂದು ಮಟ್ಟದವರೆಗೆ ಹೇಳಬಲ್ಲರು, ಆಮೇಲೆ ಎಕ್ಸ್‌ರೇ ಬೇಕೇ ಬೇಕು. ನಮ್ಮ ಮೇಸ್ತ್ರಿಯ ಎಕ್ಸ್‌ರೇ ಬಹಳ ಅಗ್ಗದ್ದು. ಕೆಲಸ ಶುರುಮಾಡುವ ಹದಿನೈದು ದಿನ ಮೊದಲೇ ಇಬ್ಬರು ಆಳುಗಳನ್ನು ಕರೆತಂದು, ಸೂರಿನ ಅಂಚಿನ ಒಂದು ಸಾಲು ಹೆಂಚು ತೆಗೆಸಿದರು. ಒಂದು ಗೋಡೆಯಲ್ಲಿ ಒಂದು ಚದರಡಿ ಗಿಲಾವು ಕೀಳಿಸಿದರು. ಹಿಂಬದಿಯಲ್ಲಿ ತಳಪಾಯದ ಪಕ್ಕ ಒಂದಡಿ ಗುಂಡಿ ತೋಡಿಸಿದರು. ಒಂದು ದಿನದ ಕೆಲಸ, ಎರಡು ಸಾವಿರದೊಳಗೆ ಖರ್ಚು. ಇದಕ್ಕಿಂತ ಒಳ್ಳೆಯ ಉಪಯೋಗಕ್ಕೆ ನಾನು ಎರಡು ಸಾವಿರ ಕೊಟ್ಟ ನೆನಪಿಲ್ಲ.

ಇನ್ನೂ ಒಂದು ಕೆಲಸ ಮಾಡಿದರು. ಅವ್ವನನ್ನು ಕರೆದು, ‘ಮಳೆ ಬಂದಾಗ ಯಾವ್ಯಾವ ಪಾತ್ರೆ ಎಲ್ಲೆಲ್ಲಿ ಇಡ್ತೀರಿ?’ ಎಂದು ಕೇಳಿದರು. ಅವ್ವ ಒಂದೂ ತಪ್ಪದೆ ಹೇಳಿದಳು. ಪಡಸಾಲೆಯಲ್ಲಿ ಒಂದು ತಟ್ಟೆ, ಅಡುಗೆಮನೆಯ ಬಾಗಿಲಲ್ಲಿ ಚೆಂಬು, ತೊಟ್ಟಿಯ ಈಶಾನ್ಯ ಮೂಲೆಯಲ್ಲಿ ಕೊಳದಪ್ಪಲೆ. ‘ಕೊಳದಪ್ಪಲೆ ಎಷ್ಟು ಹೊತ್ತಿಗೆ ತುಂಬುತ್ತೆ?’ ‘ಜೋರು ಮಳೆಯಾದ್ರೆ ಅರ್ಧ ಗಂಟೆ.’ ಮೇಸ್ತ್ರಿ ಆ ಮೂಲೆಯ ತೊಲೆಯನ್ನು ಸುತ್ತಿಗೆಯಿಂದ ತಟ್ಟಿದರು. ಬೇರೆ ಕಡೆ ಠಣ್ಣೆಂದ ಮರ ಅಲ್ಲಿ ದಬ್ಬೆಂದಿತು. ಸ್ಕ್ರೂಡ್ರೈವರ್ ಒತ್ತಿದರೆ ನಾಲ್ಕು ಬೆರಳು ಒಳಗೆ ಹೋಯಿತು.

ತೊಟ್ಟಿಮನೆಯ ರೋಗವೆಲ್ಲ ಈ ಒಳಮೂಲೆಗಳಲ್ಲಿ. ನಾಲ್ಕು ಕಡೆಯ ಸೂರುಗಳು ಒಳಕ್ಕೆ ಇಳಿಜಾರಾಗಿ ಬಂದು ಎರಡೆರಡು ಸೇರುವ ಕಡೆ ಒಂದು ಕಣಿವೆಯಾಗುತ್ತದೆ. ಎರಡು ಸೂರಿನ ನೀರೂ ಅದೇ ಕಣಿವೆಯ ತಗಡಿನ ದೋಣಿಯಲ್ಲಿ ಹರಿಯಬೇಕು. ತಗಡು ತುಕ್ಕು ಹಿಡಿದು ಒಂದು ಸೂಜಿತೂತು ಬಿದ್ದರೆ ಸಾಕು, ಅದರ ಕೆಳಗಿನ ತೊಲೆಗೆ ವರ್ಷಕ್ಕೆ ಎರಡು ಮಳೆಗಾಲ ಸ್ನಾನ. ನಮ್ಮ ಸೀಮೆಗೆ ಮೇ ತಿಂಗಳಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಮಳೆ ಬಲವಾಗುತ್ತದೆ. ಒದ್ದೆ ಮರಕ್ಕೆ ಮೊದಲು ಬರುವುದು ಶಿಲೀಂಧ್ರ, ಅದರ ಹಿಂದೆಯೇ ಗೆದ್ದಲು. ಮರದ ಹೊರಪದರ ಮೆದು. ಒಳಗಿನ ಚೇಗು ಗಟ್ಟಿ. ಗೆದ್ದಲು ಮೆದುವಾದದ್ದನ್ನು ತಿಂದು, ಬೆಳಕಿಗೆ ತೆರೆದ ಮೇಲ್ಮೈಯನ್ನು ಕಾಗದದಷ್ಟು ತೆಳುವಾಗಿ ಹಾಗೆಯೇ ಉಳಿಸುತ್ತದೆ. ಅದಕ್ಕೇ ಹೊರಗಿನಿಂದ ನೋಡಿದರೆ ತೊಲೆ ಪುಷ್ಟವಾಗಿಯೇ ಕಾಣುವುದು.

ಹೆಂಚು ಪೂರ್ತಿ ಇಳಿಸಿದ ಮೇಲೆ ಆ ಮೂಲೆಯ ತೊಲೆ, ಅದರ ಮೇಲೆ ಕೂತಿದ್ದ ಆರು ತೀರು, ಗೋಡೆಯ ತಲೆಯ ಮೇಲಿನ ಅಡ್ಡಮರ ಎಲ್ಲವೂ ಹೋಗಿದ್ದವು. ಹೊಸ ತೇಗದ ಬೆಲೆ ಕೇಳಿ ನಾವು ಹಿಂದೆ ಸರಿದೆವು. ಗುಂಡ್ಲುಪೇಟೆಯಲ್ಲಿ ಕೆಡವಿದ ಮನೆಗಳ ಹಳೆಯ ಮರ ಮಾರುವವರ ಬಳಿ ಸೂಕ್ತ ಅಳತೆಯ ಹೊನ್ನೆ ಮರ ಸಿಕ್ಕಿತು. ಎಪ್ಪತ್ತೆಂಬತ್ತು ವರ್ಷ ಒಣಗಿದ ಮರ ಇನ್ನು ಬಾಗುವುದಿಲ್ಲ, ಸೀಳುವುದಿಲ್ಲ. ಬಡಗಿಯ ಕೂಲಿ ಸೇರಿ 62,000 ರೂಪಾಯಿ. ಅಂದಾಜಿನಲ್ಲಿ ಇಲ್ಲದ ಮೊದಲ ಮೊತ್ತ ಇದು.

ಮರದ ಕೆಲಸಕ್ಕೆ ಹಣದಷ್ಟೇ ಕಾಲವೂ ಬೇಕು. ಚಾಮರಾಜೇಶ್ವರನ ತೇರಿಗೆ 2017ರಲ್ಲಿ ಕಿಡಿಗೇಡಿಯೊಬ್ಬ ಬೆಂಕಿ ಹಚ್ಚಿದ್ದು ಹಲವರಿಗೆ ನೆನಪಿರಬಹುದು. ಹೊಸ ತೇರು ಸಿದ್ಧವಾಗಿ ಆಷಾಢದ ರಥೋತ್ಸವ ಮತ್ತೆ ನಡೆದದ್ದು 2022ರಲ್ಲಿ. ಅಷ್ಟು ವರ್ಷ ನವದಂಪತಿಗಳು ತೇರಿಲ್ಲದ ಆಷಾಢಕ್ಕೇ ಬಂದು ಹೋದರು.

ನಮ್ಮ ಬಡಗಿ ಇಪ್ಪತ್ತು ದಿನ ತೆಗೆದುಕೊಂಡರು. ಆ ಇಪ್ಪತ್ತು ದಿನವೂ ಮಾಡಿಗೆ ಆಸರೆಗಂಬ ಕೊಟ್ಟು ನಿಲ್ಲಿಸಿದ್ದೆವು. ಬಾಡಿಗೆಗೆ ತಂದ ಕಂಬಗಳನ್ನು ತಮ್ಮ ಬೇಗ ಕಳಿಸಿಬಿಡೋಣವೆಂದ. ಮೇಸ್ತ್ರಿ ಬಿಡಲಿಲ್ಲ. ಹಳೆಯ ಕಟ್ಟಡ ಬೀಳುವುದಾದರೆ ದುರಸ್ತಿಯ ಹೊತ್ತಿನಲ್ಲೇ ಬೀಳುತ್ತದೆ ಎಂಬುದು ಅವರ ಮಾತು. ಮೈಸೂರಿನ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ 2016ರ ಆಗಸ್ಟ್ 28ರಂದು ಕುಸಿದದ್ದು ನವೀಕರಣದ ಕೆಲಸ ನಡೆಯುತ್ತಿದ್ದಾಗಲೇ. ಎಷ್ಟೋ ವರ್ಷ ಒಂದಕ್ಕೊಂದು ಒರಗಿ ನಿಂತ ಭಾಗಗಳಲ್ಲಿ ಒಂದನ್ನು ಅಲುಗಿಸಿದರೆ ಭಾರವೆಲ್ಲ ಹೊಸ ದಾರಿ ಹುಡುಕುತ್ತದೆ. ಭೌತಶಾಸ್ತ್ರದ ಮಾತು ಇದು, ಮೇಸ್ತ್ರಿ ಅದನ್ನು ಪುಸ್ತಕದಿಂದ ಕಲಿತವರಲ್ಲ. ಆಸರೆಗಂಬ, ಸಾರುವೆ, ಮಣ್ಣು ಸಾಗಿಸುವ ಟ್ರ್ಯಾಕ್ಟರು ಎಲ್ಲ ಸೇರಿ 12,000. ಯಾರ ಅಂದಾಜಿನಲ್ಲೂ ಈ ಸಾಲು ಇರುವುದಿಲ್ಲ, ಯಾರ ಕೆಲಸವೂ ಇದಿಲ್ಲದೆ ನಡೆಯುವುದಿಲ್ಲ.

ಇನ್ನು ಹೆಂಚಿನ ಮಾತು. ಮಂಗಳೂರು ಹೆಂಚಿನ ಕಥೆ 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದಾಗ ಶುರುವಾಯಿತು. ಆಮೇಲೆ ಕೇರಳದ ಕೋಳಿಕೋಡಿನ ಪಕ್ಕದ ಫೆರೋಕಿನಲ್ಲೂ ಹೆಂಚಿನ ಕಾರ್ಖಾನೆಗಳು ಎದ್ದವು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಯ ಮೇಲೆ ಕೋಳಿಕೋಡಿಗೆ ನೇರ ರಸ್ತೆ. ನಮ್ಮ ಮಾಡಿನಲ್ಲಿ ಮಂಗಳೂರಿನ ಮುದ್ರೆಯವೂ ಇದ್ದವು, ಫೆರೋಕಿನ ಮುದ್ರೆಯವೂ ಇದ್ದವು. ಹಿಂದೆ ಒಡೆದಾಗ ಸಿಕ್ಕಿದ್ದನ್ನು ಸೇರಿಸುತ್ತ ಬಂದಿರಬೇಕು.

ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು. ನಮ್ಮದು 110 ಚದರ ಮೀಟರ್ ಮಾಡು, ಅಂದರೆ 1,650 ಹೆಂಚು. ನಮ್ಮ ಶಾಲೆಯ ಮಕ್ಕಳಿಂದ ಒಂದು ಸಣ್ಣ ಪ್ರಯೋಗ ಮಾಡಿಸಿದೆ. ಚೆನ್ನಾಗಿ ಒಣಗಿದ ಒಂದು ಹೆಂಚು 2.4 ಕೆ.ಜಿ. ತೂಗಿತು. ಒಂದು ದಿನ ನೀರಿನಲ್ಲಿ ಮುಳುಗಿಸಿ, ಒರೆಸಿ ತೂಗಿದರೆ 2.8 ಕೆ.ಜಿ. ತನ್ನ ತೂಕದ ಆರನೆಯ ಒಂದು ಭಾಗ ನೀರು ಕುಡಿದಿತ್ತು. 1,650 ಹೆಂಚಿಗೆ ಲೆಕ್ಕ ಹಾಕಿ ಎಂದೆ. ಒಣಗಿದಾಗ ಸುಮಾರು 4 ಟನ್ ಇರುವ ಮಾಡು, ನೆನೆದಾಗ ಹೆಚ್ಚೆಂದರೆ ಇನ್ನೂ 660 ಕೆ.ಜಿ. ಭಾರವಾಗಬಹುದು. ಹತ್ತು ಹನ್ನೆರಡು ಜನ ಮಾಡಿನ ಮೇಲೆ ಹತ್ತಿ ಕೂತ ಹಾಗೆ. ಗೆದ್ದಲು ಹಿಡಿದ ತೊಲೆ ಸುಗ್ಗಿಯಲ್ಲಿ ನಿಂತು ಮಳೆಗಾಲದಲ್ಲಿ ಯಾಕೆ ಮುರಿಯುತ್ತದೆ ಎಂಬುದನ್ನು ಆಮೇಲೆ ನಾನು ಹೇಳಬೇಕಾಗಲಿಲ್ಲ.

ಇಳಿಸುವಾಗ ನಾಲ್ಕರಲ್ಲೊಂದು ಹೆಂಚು ಬಿರುಕು ಬಿಟ್ಟದ್ದು, ಮೂಲೆ ಮುರಿದದ್ದು ಕಂಡಿತು. 400 ಬೇಕಾದವು. ಹೊಸ ಹೆಂಚಿನ ಅಳತೆ ಹಳೆಯ ಕಚ್ಚಿಗೆ ಕೂರುವುದಿಲ್ಲ, ಒಂದು ನೂಲು ವ್ಯತ್ಯಾಸವಾದರೂ ನೀರು ಒಳಗೆ ಬರುತ್ತದೆ. ಆದ್ದರಿಂದ ಹಳೆಯದೇ ಬೇಕು. ವಯನಾಡಿನ ಕಡೆ ಕೆಡವಿದ ಒಂದು ಕಟ್ಟಡದ್ದು ಸಿಕ್ಕಿತು, ಒಂದಕ್ಕೆ 30 ರೂಪಾಯಿಯಂತೆ 12,000. ಆದರೆ ತರುವ ಲಾರಿ ಸಂಜೆ ತಡವಾಗಿ ಹೊರಟಿತು. ಬಂಡೀಪುರ ಕಾಡಿನ ಮಧ್ಯೆ ಹಾದುಬರುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಲಾರಿ ಗೇಟಿಗೆ ಬರುವ ಹೊತ್ತಿಗೆ ಒಂಬತ್ತು ದಾಟಿ ಹತ್ತು ನಿಮಿಷ. ಅಲ್ಲೇ ಬೆಳಗಿನವರೆಗೆ ನಿಂತಿತು. ತಂಗಿದ ಬಾಡಿಗೆ 1,500 ಸೇರಿ ಸಾಗಣೆಗೆ 9,000. ಒಟ್ಟು 21,000. ಮಗಳು ಲೆಕ್ಕದ ಪುಸ್ತಕದಲ್ಲಿ ಆ 1,500ನ್ನು ‘ಹುಲಿಯ ಪಾಲು’ ಎಂದು ಬರೆದಳು. ಚಾಲಕನಿಗೆ ಮುನಿಸಿತ್ತು, ನನಗೇನೂ ಇರಲಿಲ್ಲ. ಆನೆಗಳು ರಾತ್ರಿ ನೀರಿಗೆ ದಾಟುವ ದಾರಿಯಲ್ಲಿ ನನ್ನ ಹೆಂಚು ಒಂಬತ್ತು ಗಂಟೆ ಕಾದರೆ ಏನಾಯಿತು?

ಗೋಡೆಯ ವಿಷಯಕ್ಕೆ ಬರುತ್ತೇನೆ. ಮಕ್ಕಳಿಗೂ ಅವರ ತಂದೆ ತಾಯಿಗೂ ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಸುಮಾರು ಮೂವತ್ತು ವರ್ಷದ ಹಿಂದೆ, ಮನೆಗೆ ಮೆರುಗು ಬರಲೆಂದು ಯಾರೋ ಒಬ್ಬ ಮೇಸ್ತ್ರಿ ಕೆಳಭಾಗದ ಗೋಡೆಗೆಲ್ಲ ಸಿಮೆಂಟ್ ಗಿಲಾವು ಮಾಡಿ ಹೋಗಿದ್ದ. ಊರಿನ ಅರ್ಧ ಮನೆಗಳಿಗೆ ಅದೇ ಉಪಚಾರವಾಗಿದೆ. ಮಣ್ಣಿನ ಗೋಡೆ ನೆಲದಿಂದ ತೇವ ಎಳೆಯುತ್ತದೆ. ದೀಪದ ಬತ್ತಿ ಎಣ್ಣೆ ಎಳೆಯುವುದಿಲ್ಲವೇ, ಅದೇ ಕೇಶಾಕರ್ಷಣೆ. ರಂಧ್ರ ಸಣ್ಣದಾದಷ್ಟೂ ನೀರು ಎತ್ತರಕ್ಕೆ ಏರುತ್ತದೆ. ಹಳೆಯ ಕಾಲದ ಮಣ್ಣು, ಸುಣ್ಣದ ಗೋಡೆ ಹೀಗೆ ಏರಿದ ತೇವವನ್ನು ಅರ್ಧ ಅಡಿ, ಒಂದಡಿಯಲ್ಲೇ ಗಾಳಿಗೆ ಬಿಟ್ಟುಬಿಡುತ್ತದೆ, ನಮ್ಮ ಚರ್ಮ ಬೆವರು ಬಿಡುವ ಹಾಗೆ. ಅದರ ಮೇಲೆ ಸಿಮೆಂಟಿನ ಅಂಗಿ ತೊಡಿಸಿದರೆ ತೇವಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಅದು ಇನ್ನೂ ಮೇಲೇರಿ, ಸಿಮೆಂಟು ಮುಗಿಯುವ ಕಡೆ ಹೊರಬರುತ್ತದೆ. ತೇವದ ಜೊತೆ ಮಣ್ಣಿನ ಉಪ್ಪೂ ಬರುತ್ತದೆ. ನೀರು ಆವಿಯಾದಾಗ ಉಪ್ಪು ಹರಳಾಗಿ ಹಿಗ್ಗಿ ಗಿಲಾವನ್ನು ಒಳಗಿನಿಂದ ತಳ್ಳುತ್ತದೆ. ಗೋಡೆಯ ಮೇಲೆ ಬಿಳಿಯ ಹೂವಿನಂತೆ ಕಾಣುವುದು ಅದೇ.

ಒಂದು ಚದರಡಿ ಕಿತ್ತು ನೋಡಿದ ಜಾಗದಲ್ಲಿ ಸಿಮೆಂಟಿನ ಹಿಂದೆ ಮಣ್ಣು ಕಲಸಿದ ಹಿಟ್ಟಿನಂತಿತ್ತು. ನಾಲ್ಕಡಿಯವರೆಗೂ ಹಾಗೆಯೇ. ತಮ್ಮ ಇನ್ನೊಂದು ಗಿಲಾವು ಮೇಲೆ ಹೊಡೆಸಿ ವಾಟರ್‌ಪ್ರೂಫ್ ಪೇಂಟ್ ಬಳಿಯೋಣವೆಂದ, ಅಂಗಡಿಯವನೂ ಅದನ್ನೇ ಹೇಳಿದ್ದ. ಅದಾದರೆ ಖರ್ಚು ಕಡಿಮೆ. ಎರಡು ಮಳೆಗಾಲದವರೆಗೆ ಮಾತ್ರ ಕಡಿಮೆ. ಮೇಸ್ತ್ರಿಯೂ ನಾನೂ ಒಂದು ಪಕ್ಷವಾದೆವು. ಸಿಮೆಂಟನ್ನೆಲ್ಲ ಕೆತ್ತಿಸಿ, ಗೋಡೆಯನ್ನು ಒಂದು ತಿಂಗಳು ಬರಿಮೈಯಲ್ಲಿ ಬಿಟ್ಟು ಒಣಗಿಸಿ, ಆಮೇಲೆ ಸುಣ್ಣದ ಗಾರೆ ಮಾಡಿಸುವುದೆಂದಾಯಿತು. ಹೆಚ್ಚಿನ ಖರ್ಚು 48,000.

ಸುಣ್ಣದ ಕಥೆ ನೀವು ಪಾಠದಲ್ಲಿ ಓದಿರುತ್ತೀರಿ, ಅಂಕಗಳಿಗಾಗಿ ಓದಿ ಮರೆತೂ ಇರುತ್ತೀರಿ. ಶುದ್ಧವಾದ 100 ಕೆ.ಜಿ. ಸುಣ್ಣದಕಲ್ಲನ್ನು ಸುಟ್ಟರೆ 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹಾರಿಹೋಗಿ 56 ಕೆ.ಜಿ. ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಬುಸುಗುಟ್ಟಿ ಬಿಸಿಯಾಗಿ 18 ಕೆ.ಜಿ. ನೀರನ್ನು ಸೇರಿಸಿಕೊಂಡು 74 ಕೆ.ಜಿ. ಅರಳಿದ ಸುಣ್ಣವಾಗುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ಕಳೆದುಕೊಂಡ ಆ 44 ಕೆ.ಜಿ. ಅನಿಲವನ್ನೇ ನಿಧಾನವಾಗಿ ವಾಪಸು ಪಡೆದು, 18 ಕೆ.ಜಿ. ನೀರನ್ನು ಬಿಟ್ಟುಕೊಟ್ಟು ಮತ್ತೆ ಕಲ್ಲಾಗುತ್ತದೆ. ಹೊಸದಾಗಿ ಗಾರೆ ಮಾಡಿದ ಗೋಡೆ ಒಣಗುತ್ತಲೇ ಬೆವರುವುದು ಇದರಿಂದ. ಗಾಬರಿಯಾಗಿ ಬಾಗಿಲು ಮುಚ್ಚಬಾರದು, ಗಾಳಿಯಾಡಬೇಕು. ಚಾಮರಾಜೇಶ್ವರನ ಗೋಪುರದ ಗೊಂಬೆಗಳನ್ನು ಕತ್ತೆತ್ತಿ ನೋಡುವಾಗ ಅವೂ ಗಾರೆಯವೇ ಎಂದು ನೆನಪಿಸಿಕೊಳ್ಳಿ.

ಮೇಸ್ತ್ರಿ ಸುಣ್ಣವನ್ನು ಹದಿನೈದು ದಿನ ನೀರಿನ ಕೆಳಗೆ ಕೊಳೆಹಾಕಿದರು. ಮರಳು, ಇಟ್ಟಿಗೆ ಪುಡಿ ಸೇರಿಸಿದರು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ ಅರೆಸಿದರು. ಬಳಿದ ಮೇಲೆ ಮೊದಲ ಕೆಲವು ದಿನ ಬಿಸಿಲು ತಾಗದಂತೆ ಗೋಣಿತಾಟು ಕಟ್ಟಿ ನೀರು ಚಿಮುಕಿಸಿದರು. ಬೆಲ್ಲದ ವಾಸನೆಗೆ ಊರಿನ ಇರುವೆಗಳೆಲ್ಲ ಬಂದವು. ಅವ್ವ ಅರಿಶಿನ ಹಾಕಿ ಅವನ್ನು ತಡೆಯುತ್ತಿದ್ದಳು. ನಮ್ಮ ತಾಲ್ಲೂಕಿನಲ್ಲಿ ಅರಿಶಿನಕ್ಕೇನೂ ಬರವಿಲ್ಲ.

ಆದರೆ ಗೋಡೆ ಇಷ್ಟು ತೇವ ಕುಡಿದದ್ದಾದರೂ ಎಲ್ಲಿಂದ? ತಳಪಾಯದ ಪಕ್ಕದ ಗುಂಡಿ ಅದನ್ನು ತೋರಿಸಿತು. ಹಿಂದಿನ ಓಣಿಗೆ ಹಂತಹಂತವಾಗಿ ಮಣ್ಣು, ಜಲ್ಲಿ, ಕಾಂಕ್ರೀಟು ಬಿದ್ದು ಓಣಿಯೇ ನಮ್ಮ ಒಳನೆಲಕ್ಕಿಂತ ಅರ್ಧ ಅಡಿ ಎತ್ತರವಾಗಿತ್ತು. ಓಣಿಯ ನೀರು ಗೋಡೆಯ ಬುಡಕ್ಕೆ ಬಂದು ನಿಲ್ಲುತ್ತಿತ್ತು. ನಮ್ಮ ಜಾಗದ ಒಳಗೇ ಗೋಡೆಗುಂಟ ಒಂದೂವರೆ ಅಡಿ ಅಗೆದು, ಕಲ್ಲಿನ ಚರಂಡಿ ಕಟ್ಟಿ, ನೀರನ್ನು ಹಿತ್ತಿಲ ತೆಂಗಿನ ಬುಡಕ್ಕೆ ತಿರುಗಿಸಿದೆವು. ಕರಿಕಲ್ಲಿಗೆ ಹೆಸರಾದ ಜಿಲ್ಲೆ ನಮ್ಮದು. ಅದರ ಒಳ್ಳೆಯ ಕಲ್ಲು ದೂರದೇಶಗಳಿಗೆ ಹೋಗುತ್ತದೆ, ನಮಗೆ ಸಿಗುವ ಚೂರುಪಾರೂ ಅಗ್ಗವಲ್ಲ. ಚರಂಡಿಗೆ 27,000. ಒಟ್ಟು ಕೆಲಸದಲ್ಲಿ ಯಾರ ಕಣ್ಣಿಗೂ ಬೀಳದ ಖರ್ಚು ಇದು. ಮನೆ ನೋಡಲು ಬಂದವರು ಗೋಡೆಯ ನುಣುಪು ಹೊಗಳುತ್ತಾರೆ, ಚರಂಡಿಯನ್ನು ದಾಟಿ ಹೋಗುತ್ತಾರೆ. ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿಸಿದ್ದರೆ ಐದು ವರ್ಷಕ್ಕೆ ಮತ್ತೆ ಅದೇ ಗೋಡೆ, ಅದೇ ತೇವ.

ವೈರಿಂಗಿನದು ಸಣ್ಣ ಕಥೆ. ಮರದ ಪಟ್ಟಿಯ ಮೇಲೆ ಓಡಿದ ಎರಡೇ ತಂತಿ, ಅರ್ಥಿಂಗ್ ಎಂಬುದೇ ಇಲ್ಲ. ಹೊಸದಾಗಿ ಅರ್ಥ್ ಗುಂಡಿ ತೋಡಿಸಿ, 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಹಾಕಿಸಿದ್ದಕ್ಕೆ 18,000 ಹೆಚ್ಚಾಯಿತು. ಒದ್ದೆ ಗೋಡೆಯ ಮನೆಯಲ್ಲಿ ಎಪ್ಪತ್ತೊಂಬತ್ತು ವರ್ಷದ ಅವ್ವ ಬರಿಗಾಲಲ್ಲಿ ಸ್ವಿಚ್ ಹಾಕುತ್ತಾಳೆ. ಇಲ್ಲಿ ಚೌಕಾಶಿಗೆ ಜಾಗವಿರಲಿಲ್ಲ.

ಏಪ್ರಿಲ್ ಮೂರನೆಯ ವಾರಕ್ಕೆ ಮಗಳ ಪುಸ್ತಕದಲ್ಲಿ ಹೆಚ್ಚುವರಿ 1,88,000 ಆಗಿತ್ತು. ಅಂದಾಜಿನ ಶೇಕಡಾ 45ರ ಹತ್ತಿರ. ಅವಳ ಸಿಇಟಿ ಆಗಷ್ಟೇ ಮುಗಿದಿತ್ತು. ‘ನನ್ನ ಡಿಪಾಸಿಟ್ಟಿಂದ ಸ್ವಲ್ಪ ತಗೊಳ್ಳಿ, ಸೀಟು ಯಾವುದು ಸಿಗುತ್ತೋ ಏನೋ’ ಎಂದಳು. ಅವಳು ಅಷ್ಟು ಸಲೀಸಾಗಿ ಹೇಳಿದ್ದೇ ನನಗೆ ಕಷ್ಟವಾಯಿತು. ಆ ರಾತ್ರಿ ತಮ್ಮ, ನಾನು, ಅವ್ವ ಕೂತು ಉಳಿದ ಕೆಲಸಗಳನ್ನು ಒಂದೊಂದಾಗಿ ನೋಡಿದೆವು. ನೀರು, ಭಾರ, ಕರೆಂಟು ಈ ಮೂರಕ್ಕೆ ಸಂಬಂಧಿಸಿದ್ದು ಈಗಲೇ ಆಗಬೇಕು. ಕಣ್ಣಿಗೆ ಚೆಂದ ಕಾಣುವುದಕ್ಕೆ ಬೇಕಾದದ್ದು ಆಮೇಲೆ ನೋಡೋಣ. ಹಿತ್ತಿಲ ಕೊಟ್ಟಿಗೆ ಮುಂದಕ್ಕೆ ಹೋಯಿತು. ಒಳಗೋಡೆಗೆ ಬಣ್ಣ ಬೇಡ, ಸುಣ್ಣ ಸಾಕು ಎಂದಾಯಿತು. ನೆಲಕ್ಕೆ ಮೀಸಲಿಟ್ಟ 80,000ದಲ್ಲಿ ಏನಾದರೂ ಉಳಿಸಬಹುದೇ ಎಂಬುದೇ ಕೊನೆಯ ಪ್ರಶ್ನೆ.

ಅದಕ್ಕೆ ಉತ್ತರ ಅವ್ವ ಕೊಟ್ಟಳು. ಮದುವೆಯಾಗಿ ಬಂದಾಗ ಪಡಸಾಲೆಯಲ್ಲಿ ಕಲ್ಲು ಚಪ್ಪಡಿ ಇತ್ತು, ಅದರ ಮೇಲೆಯೇ ಆಮೇಲೆ ಸಿಮೆಂಟು ಹಾಕಿಸಿದರು ಎಂದಳು. ಮಾರನೆಯ ದಿನ ಮೂಲೆಯಲ್ಲಿ ಒಂದಿಷ್ಟು ಒಡೆಸಿದೆವು. ಎರಡಂಗುಲದ ಕೆಳಗೆ ಚಪ್ಪಡಿ ತಣ್ಣಗೆ ಮಲಗಿತ್ತು. ಟೈಲ್ಸ್ ಬೇಡವಾಯಿತು. ಒಡೆದು, ಉಜ್ಜಿ, ಸಂದುಗಳಿಗೆ ಗಾರೆ ತುಂಬಿದ್ದಕ್ಕೆ 30,000 ಹಿಡಿಯಿತು. ಐವತ್ತು ಸಾವಿರ ಉಳಿಯಿತು. ಹಳೆಯ ಮನೆ ಹೆದರಿಸುವುದಷ್ಟೇ ಅಲ್ಲ, ಕೆಲವೊಮ್ಮೆ ಕೊಡುತ್ತದೆ ಕೂಡ. ಆದರೆ ಅದನ್ನು ನಂಬಿ ಅಂದಾಜು ಹಾಕಬಾರದು.

ಕೊನೆಯ ಮೊತ್ತ 5,58,000. ಅಂದಾಜಿಗಿಂತ 1,38,000 ಹೆಚ್ಚು, ಮೂರರಲ್ಲೊಂದು ಪಾಲು. ಅಷ್ಟನ್ನು ತಮ್ಮ ಅರ್ಧ, ನಾನು ಜಿಪಿಎಫ್ ಮುಂಗಡದಿಂದ ಅರ್ಧ ಹಾಕಿದೆವು. ಮಗಳ ಡಿಪಾಸಿಟ್ಟು ಮುಟ್ಟದೆ ಉಳಿಯಿತು. ಈಗ ಅದರಿಂದ ಅವಳ ಮೊದಲ ವರ್ಷದ ಶುಲ್ಕ ಹೋಗಿದೆ. ಮನೆ ದುರಸ್ತಿಗೆ ಹೊರಟವರು ನನ್ನನ್ನು ಕೇಳಿದರೆ, ಮೇಸ್ತ್ರಿ ಹೇಳಿದ ಮೊತ್ತದ ಮೂರನೇ ಒಂದು ಭಾಗ ಬೇರೆ ಇಟ್ಟುಕೊಳ್ಳಿ, ಇಲ್ಲವಾದರೆ ಇರುವ ಹಣದ ಮುಕ್ಕಾಲು ಭಾಗಕ್ಕೆ ಆಗುವಷ್ಟೇ ಕೆಲಸ ಹಚ್ಚಿ ಎನ್ನುತ್ತೇನೆ. ಖಾತೆ ಯಾರ ಹೆಸರಿನಲ್ಲಿದೆ, ಇ-ಸ್ವತ್ತಿನ ನಮೂನೆ 9 ಮತ್ತು 11 ಇದೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಿ. ಸಾಲಕ್ಕೆ ಹೋದಾಗ ಬ್ಯಾಂಕಿನವರು ಮೊದಲು ಕೇಳುವುದು ತೊಲೆಯನ್ನಲ್ಲ, ಈ ಕಾಗದವನ್ನು.

ಅಂದ ಹಾಗೆ, ಸ್ನಾನದ ಮನೆಗೆ ಇಪ್ಪತ್ತು ಮೂಟೆ ಸಿಮೆಂಟು ಕೊಂಡಾಗ ಶೇಕಡಾ 28 ಜಿಎಸ್‌ಟಿ ಕೊಟ್ಟಿದ್ದೆವು. ಕೆಲಸ ಮುಗಿದು ಮೂರು ತಿಂಗಳಾದ ಮೇಲೆ, 2025ರ ಸೆಪ್ಟೆಂಬರ್ 22ರಿಂದ, ಅದು ಶೇಕಡಾ 18ಕ್ಕೆ ಇಳಿಯಿತು. ತಮ್ಮ ಇದನ್ನು ಫೋನಿನಲ್ಲಿ ಬಹಳ ಸಂಕಟದಿಂದ ತಿಳಿಸಿದ.

ಗುಂಡ್ಲುಪೇಟೆಯ ಕಡೆ ಹೋದಾಗ ಈಗ ನನ್ನ ಕಣ್ಣು ಮೊದಲಿನ ಹಾಗೆ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳ ಮೇಲೆ ನಿಲ್ಲುವುದಿಲ್ಲ. ಆಚೆ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಮೋಡ ಮುತ್ತಿದರೆ, ಈ ಮೋಡ ಯಾವ ಊರಿನ ಯಾವ ಸೂರಿಗೆ ಎಂದು ಯೋಚನೆ ಬರುತ್ತದೆ. ರಸ್ತೆಯ ಪಕ್ಕದ ಹಳ್ಳಿಗಳಲ್ಲಿ ಹೆಂಚಿನ ಮನೆಗಳು ಇನ್ನೂ ಇವೆ. ಕೆಲವಕ್ಕೆ ಮೇಲೆ ನೀಲಿ ಟಾರ್ಪಾಲು, ಕೆಳಗೆ ಸಿಮೆಂಟಿನ ಅಂಗಿ.

ಅಕ್ಟೋಬರಿನ ಮಳೆಗೆ ಕೊಳದಪ್ಪಲೆ ಅಟ್ಟದಿಂದ ಇಳಿಯಲಿಲ್ಲ. ಅಡುಗೆಮನೆಯ ಬಾಗಿಲ ಚೆಂಬು ಮಾತ್ರ ಒಂದು ದಿನ ಬೇಕಾಯಿತು. ಮೇಸ್ತ್ರಿ ಬಂದು ಒಂದು ಹೆಂಚು ಸರಿಸಿ ಕೂರಿಸಿದರು, ಕೂಲಿ ಬೇಡವೆಂದರು. ಹೋಗುವಾಗ ಹಿತ್ತಿಲ ಕೊಟ್ಟಿಗೆಯ ತೊಲೆಯನ್ನು ಸುತ್ತಿಗೆಯಿಂದ ಎರಡು ಸಲ ತಟ್ಟಿ, ಏನೂ ಹೇಳದೆ, ಮಗಳ ಪುಸ್ತಕ ತರಿಸಿ ಒಂದು ಹೊಸ ಹಾಳೆ ತೆಗೆಯಲು ಹೇಳಿದರು.